‘ನಮ್ಮ ಸರಕಾರ’ ಎಂದು ಸುಮ್ಮನಾಗುವ ಮುನ್ನ

ಕೆಲವು ತಿಂಗಳ ಹಿಂದೆ ಚಾಮರಾಜಪೇಟೆಯ ಒಂದು ಮಸೀದಿಯಲ್ಲಿ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ನನ್ನ ಪರಿಚಿತ ಹಿರಿಯರೊಬ್ಬರು ಸಿಕ್ಕಿದರು. ಅವರ ಕೈಯಲ್ಲಿ ಔಷಧದ ಚೀಟಿಯಿತ್ತು. ಅವರ ತಾಯಿಗೆ ಎಂಬತ್ತರ ಸಮೀಪದ ವಯಸ್ಸು, ಬಹುಕಾಲದಿಂದ ಸಕ್ಕರೆ ಕಾಯಿಲೆ. ಎಂದಿನಂತೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದಾಗ ಮಾತ್ರೆ ಮುಗಿದಿದೆ, ಹೊರಗಿನಿಂದ ಕೊಂಡುಕೊಳ್ಳಿ ಎಂದರಂತೆ. “ದೂರು ಕೊಟ್ಟಿರಾ ಚಾಚಾ?” ಎಂದು ಕೇಳಿದೆ. ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಬಿಡು ಬೇಟಾ, ಈಗ ನಮ್ಮ ಸರಕಾರ ಇದೆ. ನಾವೇ ದೂರಿದರೆ ಎದುರಾಳಿಗಳ ಬಾಯಿಗೆ ನಾವೇ ಮಾತು ಕೊಟ್ಟ ಹಾಗಾಗುತ್ತದೆ” ಎಂದರು.

ಆ ಮಾತು ನನ್ನನ್ನು ಹಿಂದಕ್ಕೆ ಕರೆದೊಯ್ದಿತು. 2021ರಲ್ಲಿ, ಕೊರೋನಾದ ಎರಡನೆಯ ಅಲೆ ಇಳಿದ ದಿನಗಳಲ್ಲಿ, ಇದೇ ಹಿರಿಯರು ಇದೇ ಬಗೆಯ ಚೀಟಿ ಹಿಡಿದುಕೊಂಡು ನಿಂತಿದ್ದರು. ಆಗಲೂ ಮಾತ್ರೆ ಸಿಕ್ಕಿರಲಿಲ್ಲ. ಆದರೆ ಅಂದು ಅವರ ಧ್ವನಿ ಬೇರೆಯಾಗಿತ್ತು. “ನಮ್ಮವರ ಕೇರಿ ಎಂಬ ಕಾರಣಕ್ಕೇ ಹೀಗೆ ಮಾಡುತ್ತಾರೆ, ಈ ಸರಕಾರಕ್ಕೆ ನಮ್ಮ ಮೇಲೆ ದ್ವೇಷ” ಎಂದು ಅವರು ನಾಲ್ಕು ಜನರಿಗೆ ಕೇಳುವಂತೆ ಹೇಳಿದ್ದರು. ಎರಡೂ ಬಾರಿ ಖಾಲಿಯಾಗಿದ್ದುದು ಒಂದೇ ಕಪಾಟು. ಎರಡೂ ಬಾರಿ ಔಷಧವಿಲ್ಲದೆ ಉಳಿದವರು ಒಬ್ಬರೇ ತಾಯಿ. ಮೊದಲ ಬಾರಿ ಅದು ಅನ್ಯಾಯವಾಗಿ ಕಂಡಿತು, ಎರಡನೆಯ ಬಾರಿ ಸಹಿಸಿಕೊಳ್ಳಬೇಕಾದ ಅನನುಕೂಲವಾಗಿ ಕಂಡಿತು. ನಡುವೆ ಬದಲಾದದ್ದು ವಿಧಾನಸೌಧದಲ್ಲಿ ಕುಳಿತ ಪಕ್ಷ ಮಾತ್ರ.

ಇದನ್ನು ಆ ಹಿರಿಯರ ದೋಷವೆಂದು ಹೇಳಲು ನಾನು ಬರೆಯುತ್ತಿಲ್ಲ. ನಮ್ಮಲ್ಲಿ ಬಹುತೇಕರು ಇದನ್ನೇ ಮಾಡುತ್ತಿದ್ದೇವೆ. ಪಕ್ಷನಿಷ್ಠೆಯನ್ನೂ ಸಾರ್ವಜನಿಕ ಸೇವೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಆ ಕುರಿತು ಶಾಂತವಾಗಿ ಆಲೋಚಿಸಬೇಕಾಗಿದೆ.

ಭಯಕ್ಕೆ ಕಾರಣವಿಲ್ಲವೆಂದಲ್ಲ

ಮೊದಲು ಆ ಹಿರಿಯರ ಪರವಾಗಿ ಹೇಳಬೇಕಾದ್ದನ್ನು ಹೇಳೋಣ. ಅವರ ಮೌನದ ಹಿಂದೆ ಭಯವಿದೆ, ಆ ಭಯ ಕಲ್ಪಿತವಲ್ಲ. 2022ರ ಫೆಬ್ರವರಿಯಲ್ಲಿ ಹೊರಟ ಸಮವಸ್ತ್ರದ ಆದೇಶದಿಂದಾಗಿ ಹಿಜಾಬ್ ಧರಿಸುವ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಬಾಗಿಲಲ್ಲಿ ನಿಲ್ಲಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಮರುವರ್ಷದ ಮಾರ್ಚ್‌ನಲ್ಲಿ, ಚುನಾವಣೆ ಎದುರಿಗಿದ್ದಾಗ, ಮುಸ್ಲಿಮರಿಗಿದ್ದ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು ಅಂದಿನ ಸರಕಾರ ರದ್ದುಪಡಿಸಿತು. ಆ ನಿರ್ಧಾರ ಸುಪ್ರೀಂ ಕೋರ್ಟಿನ ಮುಂದೆ ಹೋದ ಬಳಿಕ ಜಾರಿಯಾಗದೆ ನಿಂತಿತು.

ಇಂತಹ ದಿನಗಳನ್ನು ಕಂಡ ಒಂದು ಕುಟುಂಬ ಮತಗಟ್ಟೆಗೆ ಹೋಗುವಾಗ ಚರಂಡಿ, ಬೀದಿದೀಪ, ಮಾತ್ರೆಗಳ ಲೆಕ್ಕ ಹಾಕುವುದಿಲ್ಲ. ಮಗಳು ನಿರಾತಂಕವಾಗಿ ಓದಬಲ್ಲಳೇ, ಮಗನಿಗೆ ಸೀಟು ಸಿಗುವುದೇ ಎಂದು ಯೋಚಿಸುತ್ತದೆ. ಅದು ಸಹಜ. ಮಾನದ ರಕ್ಷಣೆಗಾಗಿ ಮತ ನೀಡುವುದು ಸಂಕುಚಿತತೆಯಲ್ಲ. ಯಾವ ಪಕ್ಷಕ್ಕೆ ಮತ ನೀಡಬೇಕೆಂದು ಹೇಳುವುದೂ ಈ ಬರಹದ ಉದ್ದೇಶವಲ್ಲ.

ಆದರೆ ಭಯದಿಂದ ನೀಡಿದ ಮತಕ್ಕೆ ಒಂದು ದೌರ್ಬಲ್ಯವಿದೆ. ಪಡೆದವನು ಅದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಎದುರಾಳಿ ಇನ್ನೂ ಕೆಟ್ಟವನು ಎಂದು ನೆನಪಿಸುತ್ತಿದ್ದರೆ ಸಾಕು. ಮತ ನೀಡಿದ ಮೇಲೆ ಐದು ವರ್ಷ ಬಾಯಿಮುಚ್ಚಿಕೊಂಡಿರುವುದೂ ರಕ್ಷಣೆಯ ಭಾಗವೆಂದು ನಾವು ಭಾವಿಸಿದ್ದೇವೆ. ನಮ್ಮ ತಪ್ಪು ಇರುವುದು ಇಲ್ಲಿ.

ಮೂರು ಬಡಾವಣೆಗಳು, ಒಂದೇ ಪಾಠ

ಇದು ನಮ್ಮ ಸಮುದಾಯದ ಕಥೆ ಮಾತ್ರವೂ ಅಲ್ಲ. ಹಳೆಯ ಬೆಂಗಳೂರಿನ ಮೂರು ಕ್ಷೇತ್ರಗಳನ್ನು ನೋಡಿ. 2004ರಲ್ಲಿ ಎಸ್.ಎಂ. ಕೃಷ್ಣ ಅವರನ್ನು ಗೆಲ್ಲಿಸಿದ ಚಾಮರಾಜಪೇಟೆ, 2005ರ ಉಪಚುನಾವಣೆಯಿಂದ ಇಂದಿನವರೆಗೂ ಜಮೀರ್ ಅಹ್ಮದ್ ಖಾನ್ ಅವರನ್ನೇ ಆರಿಸುತ್ತ ಬಂದಿದೆ. 2013ರವರೆಗೆ ಜಾತ್ಯತೀತ ಜನತಾದಳದಿಂದ, 2018ರಿಂದ ಕಾಂಗ್ರೆಸ್‌ನಿಂದ. ಮಲ್ಲೇಶ್ವರದಲ್ಲಿ 2008ರಿಂದ ನಾಲ್ಕು ಬಾರಿಯೂ ಬಿಜೆಪಿಯ ಡಾ. ಸಿ.ಎನ್. ಅಶ್ವತ್ಥನಾರಾಯಣ, ಬಸವನಗುಡಿಯಲ್ಲಿ ಅದೇ ನಾಲ್ಕು ಬಾರಿಯೂ ಬಿಜೆಪಿಯ ಎಲ್.ಎ. ರವಿಸುಬ್ರಹ್ಮಣ್ಯ. ಈ ಮೂವರ ಕೆಲಸವನ್ನು ಇಲ್ಲಿ ಅಳೆಯುತ್ತಿಲ್ಲ. ಫಲಿತಾಂಶ ಮೊದಲೇ ಊಹಿಸಬಹುದಾದ ಕ್ಷೇತ್ರಗಳು ಎರಡೂ ಕಡೆ ಇವೆ ಎಂಬುದನ್ನಷ್ಟೇ ಗಮನಿಸಬೇಕು.

ಇಂತಹ ನಗರದಲ್ಲಿ ಏನಾಯಿತು? ಬಿಬಿಎಂಪಿಯ ಕೊನೆಯ ಚುನಾವಣೆ 198 ವಾರ್ಡುಗಳಿಗೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್ 10ರಂದು ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರಪಾಲಿಕೆಗಳು ಬಂದು, ಚಾಮರಾಜಪೇಟೆ ಕೇಂದ್ರ ನಗರಪಾಲಿಕೆಗೆ ಸೇರುವವರೆಗೂ ಈ ಮಹಾನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಆ ಐದು ವರ್ಷಗಳಲ್ಲಿ ಮೊದಲು ಬಿಜೆಪಿ ಸರಕಾರವಿತ್ತು, 2023ರ ಮೇ ನಂತರ ಕಾಂಗ್ರೆಸ್ ಸರಕಾರವಿತ್ತು. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎಂದು ಕಾರಣಗಳು ಬದಲಾದವು. ಕಾರ್ಪೊರೇಟರ್ ಇಲ್ಲದ ಸ್ಥಿತಿ ಮಾತ್ರ ಬದಲಾಗಲಿಲ್ಲ. 2006ರಿಂದ 2010ರವರೆಗೂ ನಗರ ಇದೇ ರೀತಿ ಚುನಾಯಿತ ಸದಸ್ಯರಿಲ್ಲದೆ ಕಳೆದಿತ್ತು.

ಬಡವರ ಮನೆಗೆ ಅತ್ಯಂತ ಹತ್ತಿರದ ಜನಪ್ರತಿನಿಧಿ ಕಾರ್ಪೊರೇಟರ್. ಕಸದ ಗಾಡಿ ಬಾರದಿದ್ದರೆ, ಬೀದಿದೀಪ ಕೆಟ್ಟರೆ ಅಮ್ಮಂದಿರು ಹೋಗಿ ನಿಲ್ಲುವುದು ಅವರ ಬಾಗಿಲಲ್ಲಿ. ಆ ಬಾಗಿಲು ಐದು ವರ್ಷ ಮುಚ್ಚಿತ್ತು. ಬಿಜೆಪಿಗೆ ಮತ ನೀಡಿದವರು ಮೊದಲ ಅರ್ಧದಲ್ಲಿ ಗಟ್ಟಿಯಾಗಿ ಕೇಳಲಿಲ್ಲ. ಕಾಂಗ್ರೆಸ್‌ಗೆ ಮತ ನೀಡಿದ ನಾವು ಎರಡನೆಯ ಅರ್ಧದಲ್ಲಿ ಗಟ್ಟಿಯಾಗಿ ಕೇಳಲಿಲ್ಲ. ಇಬ್ಬರೂ ಸರದಿಯಂತೆ ಸುಮ್ಮನಿದ್ದೆವು.

ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಮಾತು

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿಯ ರಾಜಕೀಯ ಗೊಂದಲದ ಸುದ್ದಿ ಮನೆಯ ಫೋನಿಗೇ ಬರುತ್ತದೆ. 2022ರ ಒಂದೇ ವರ್ಷದಲ್ಲಿ ಆ ದೇಶ ಬೋರಿಸ್ ಜಾನ್ಸನ್, ಲಿಝ್ ಟ್ರಸ್, ರಿಷಿ ಸುನಕ್ ಎಂಬ ಮೂವರು ಪ್ರಧಾನಿಗಳನ್ನು ಕಂಡಿತು. 1948ರ ಜುಲೈ 5ರಂದು ಆರಂಭವಾದ, ಚಿಕಿತ್ಸೆಯ ಹೊತ್ತಿನಲ್ಲಿ ಹಣ ಕೇಳದ ಅವರ ರಾಷ್ಟ್ರೀಯ ಆರೋಗ್ಯ ಸೇವೆ ಜಗತ್ತಿಗೇ ಮಾದರಿಯೆನಿಸಿತ್ತು. 2024ರ ಮಧ್ಯಭಾಗದ ಹೊತ್ತಿಗೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 76 ಲಕ್ಷ ಚಿಕಿತ್ಸೆಗಳು ಕಾಯುವ ಪಟ್ಟಿಯಲ್ಲಿದ್ದವು.

ಅಲ್ಲಿಯ ಮುಸ್ಲಿಮರು ತಲೆಮಾರುಗಳಿಂದ ಲೇಬರ್ ಪಕ್ಷದ ಜೊತೆಗಿದ್ದವರು. ಅಜ್ಜ ಕಾರ್ಖಾನೆಯಲ್ಲಿದ್ದಾಗ ಹಾಕಿದ ಮತವನ್ನೇ ಮೊಮ್ಮಗನೂ ಹಾಕುತ್ತಿದ್ದ. 2024ರ ಜುಲೈ 4ರ ಚುನಾವಣೆಯಲ್ಲಿ ಆ ಪಕ್ಷ ದೇಶದಲ್ಲಿ ಭಾರೀ ಬಹುಮತ ಪಡೆಯಿತು. ಆದರೆ ಗಾಝಾ ಕುರಿತ ಅದರ ನಿಲುವಿನಿಂದ ನೊಂದ ಮತದಾರರು ಬ್ಲ್ಯಾಕ್‌ಬರ್ನ್, ಲೆಸ್ಟರ್ ದಕ್ಷಿಣ, ಡ್ಯೂಸ್‌ಬರಿ ಮತ್ತು ಬ್ಯಾಟ್ಲಿ, ಬರ್ಮಿಂಗ್‌ಹ್ಯಾಮ್ ಪೆರಿ ಬಾರ್ ಕ್ಷೇತ್ರಗಳಲ್ಲಿ ಸ್ವತಂತ್ರ ಅಭ್ಯರ್ಥಿಗಳನ್ನು ಗೆಲ್ಲಿಸಿದರು. ಮರುದಿನ ಆರೋಗ್ಯ ಸಚಿವರಾದ ವೆಸ್ ಸ್ಟ್ರೀಟಿಂಗ್ ತಮ್ಮ ಇಲ್‌ಫರ್ಡ್ ಉತ್ತರ ಕ್ಷೇತ್ರದಲ್ಲಿ ಸ್ವತಂತ್ರ ಅಭ್ಯರ್ಥಿ ಯುವತಿಯೊಬ್ಬರ ವಿರುದ್ಧ ಗೆದ್ದದ್ದು ಕೇವಲ 528 ಮತಗಳಿಂದ. ಯಾವ ಮತವೂ ಪಿತ್ರಾರ್ಜಿತ ಆಸ್ತಿಯಲ್ಲ ಎಂಬುದು ಆ ಪಕ್ಷಕ್ಕೆ ಒಂದು ರಾತ್ರಿಯಲ್ಲಿ ಮನದಟ್ಟಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬರ್ಮಿಂಗ್‌ಹ್ಯಾಮ್ ನಗರಸಭೆ ಲೇಬರ್ ಪಕ್ಷದ ಕೈಯಲ್ಲೇ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದು ತನ್ನ ವೆಚ್ಚ ಭರಿಸಲು ಹಣವಿಲ್ಲವೆಂದು ಘೋಷಿಸಿತು. 2025ರ ಮಾರ್ಚ್‌ನಲ್ಲಿ ಕಸ ಎತ್ತುವ ಕಾರ್ಮಿಕರು ಅನಿರ್ದಿಷ್ಟ ಮುಷ್ಕರ ಹೂಡಿದಾಗ ಬೀದಿಗಳಲ್ಲಿ ಸಾವಿರಾರು ಟನ್ ಕಸ ರಾಶಿ ಬಿತ್ತು, ಇಲಿಗಳು ಹೆಚ್ಚಿದವು. ಪಕ್ಷ ತೊರೆದು ಮತ ಹಾಕಿದವರ ಮನೆಯ ಮುಂದೆಯೂ, ಪಕ್ಷವನ್ನು ಬಿಡದವರ ಮನೆಯ ಮುಂದೆಯೂ ಅದೇ ಕಸ. ಕುರುಡಾಗಿ ಅಂಟಿಕೊಂಡರೂ ಸೇವೆ ಸಿಗುವುದಿಲ್ಲ, ಕೋಪದಲ್ಲಿ ಒಮ್ಮೆ ತೊರೆದ ಮಾತ್ರಕ್ಕೂ ಸಿಗುವುದಿಲ್ಲ. ಎರಡು ಚುನಾವಣೆಗಳ ನಡುವಿನ ದಿನಗಳಲ್ಲಿ ಲೆಕ್ಕ ಕೇಳುವವರಿದ್ದರೆ ಮಾತ್ರ ಸಿಗುತ್ತದೆ. ದೂರದ ಆ ನಗರದಿಂದ ನಾವು ಕಲಿಯಬೇಕಾದದ್ದು ಇಷ್ಟು.

ನಿಷ್ಠೆಗೆ ಧರ್ಮ ಹಾಕಿದ ಎಲ್ಲೆ

ಈ ವಿಷಯದಲ್ಲಿ ನಮ್ಮ ಧರ್ಮ ನಮ್ಮನ್ನು ಕತ್ತಲೆಯಲ್ಲಿ ಬಿಟ್ಟಿಲ್ಲ. ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಪ್ರವಾದಿ ಮುಹಮ್ಮದ್(ಸ)ರನ್ನು ಒಮ್ಮೆ ಕೇಳಲಾಯಿತು. ಪ್ರೀತಿಸುವುದು ಪಕ್ಷಪಾತವಲ್ಲ, ಅನ್ಯಾಯದಲ್ಲಿಯೂ ತನ್ನ ಜನರಿಗೆ ನೆರವಾಗುವುದೇ ಪಕ್ಷಪಾತ ಎಂಬ ಅರ್ಥದ ಉತ್ತರವನ್ನು ಅವರು ನೀಡಿದರು. ಅಕ್ರಮವೆಸಗುವ ಸಹೋದರನಿಗೂ ಸಹಾಯ ಮಾಡಬೇಕು, ಆ ಸಹಾಯವೆಂದರೆ ಅವನ ಕೈ ತಡೆಯುವುದು ಎಂದೂ ಅವರು ಕಲಿಸಿದರು. ನಾವು ಮತ ನೀಡಿದ ಪಕ್ಷಕ್ಕೆ ನಾವು ಮಾಡಬಹುದಾದ ಅತಿ ದೊಡ್ಡ ಸಹಾಯವೂ ಇದೇ.

ಅನ್ನಿಸಾ ಅಧ್ಯಾಯದ 58ನೆಯ ವಚನ ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸುವಂತೆ ಆದೇಶಿಸುತ್ತದೆ. 135ನೆಯ ವಚನ ಸ್ವಂತಕ್ಕೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರಿ ಎಂದು ಕರೆಯುತ್ತದೆ. ಅಲ್‌ಮಾಇದಾ ಅಧ್ಯಾಯದ 8ನೆಯ ವಚನ, ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಎಚ್ಚರಿಸುತ್ತದೆ. ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ನಮ್ಮವರೆಂಬ ಕಾರಣಕ್ಕೆ ತಪ್ಪನ್ನು ಮುಚ್ಚಬಾರದು, ಎದುರಾಳಿಗಳೆಂಬ ಕಾರಣಕ್ಕೆ ಅವರು ಮಾಡಿದ ಒಳಿತನ್ನು ಅಲ್ಲಗಳೆಯಬಾರದು.

ಪ್ರವಾದಿ(ಸ)ಯವರ ನಂತರ ಹೊಣೆ ಹೊತ್ತ ಹ. ಅಬೂಬಕರ್(ರ) ತಮ್ಮ ಮೊದಲ ಭಾಷಣದಲ್ಲಿಯೇ, ತಾವು ಸರಿದಾರಿಯಲ್ಲಿದ್ದರೆ ಸಹಕರಿಸಿ, ತಪ್ಪಿದರೆ ತಿದ್ದಿರಿ ಎಂದು ಜನರಲ್ಲಿ ಕೇಳಿಕೊಂಡರು. ಅವರಿಗಿಂತ ಹೆಚ್ಚು ‘ನಮ್ಮವರು’ ಯಾರಿದ್ದಾರೆ? ಅವರೇ ತಮ್ಮನ್ನು ತಿದ್ದಲು ಜನರಿಗೆ ಅಧಿಕಾರ ಕೊಟ್ಟಿರುವಾಗ, ಇಂದಿನ ಶಾಸಕ ಸಚಿವರನ್ನು ಪ್ರಶ್ನಿಸಲು ನಾವು ಹಿಂಜರಿಯುವುದು ಯಾವ ನ್ಯಾಯ?

ಈ ನೆಲದ ನೆನಪು

ಕನ್ನಡ ನಾಡಿನ ಮತದಾರರಿಗೆ ತೂಗಿ ನೋಡುವ ಕಲೆ ಹೊಸತೇನಲ್ಲ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್‌ಗೆ ಕೊಟ್ಟ ಜನ, ಕೆಲವೇ ತಿಂಗಳಲ್ಲಿ, 1985ರ ಮಾರ್ಚ್‌ನ ವಿಧಾನಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಹೆಗಡೆಯವರು ಅಂದು ಗೆದ್ದದ್ದು ನಮ್ಮ ನೆರೆಯ ಬಸವನಗುಡಿಯಿಂದ. ದೆಹಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು ಲೆಕ್ಕ ಎಂಬ ವಿವೇಕ ಆ ಮತದಾರರಲ್ಲಿತ್ತು.

ಅದೇ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರದಿಂದ ಬಳಲಿದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದರು. ಜನರು ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮೂಲಕ ಅಧಿಕಾರವನ್ನು ಹಳ್ಳಿಗೆ ಇಳಿಸುವ ಕಾನೂನಿನ ಹಿಂದೆಯೂ ಅವರಿದ್ದರು. ಆ ನೀರು ಕುಡಿದವರಲ್ಲಿ ಎಲ್ಲ ಜಾತಿ ಮತದವರಿದ್ದರು. ಇಂದು ಅವರ ಪಕ್ಷದ ಹೆಸರು ಅನೇಕರಿಗೆ ನೆನಪಿಲ್ಲ, ನೀರು ನೆನಪಿದೆ. ಮುಸ್ಲಿಮ್ ಜನಪ್ರತಿನಿಧಿಯೊಬ್ಬ ತನ್ನ ಸಮುದಾಯದ ಗೌರವವನ್ನು ಹೆಚ್ಚಿಸಬಹುದಾದ ದಾರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮತ್ತೊಂದು ನೆನಪೂ ಬೇಕು. ನಮ್ಮ ಶೇ. 4ರ ಮೀಸಲಾತಿ 1995ರಲ್ಲಿ ಜಾರಿಗೆ ಬಂದದ್ದು ಎಚ್.ಡಿ. ದೇವೇಗೌಡರ ಜನತಾದಳ ಸರಕಾರದ ಕಾಲದಲ್ಲಿ. ಅದೇ ದೇವೇಗೌಡರು ಕಟ್ಟಿದ ಜಾತ್ಯತೀತ ಜನತಾದಳ, ಮೀಸಲಾತಿ ರದ್ದತಿಯ ಆದೇಶ ಹೊರಟ ಆರು ತಿಂಗಳಿಗೆ, 2023ರ ಸೆಪ್ಟೆಂಬರ್‌ನಲ್ಲಿ, ಬಿಜೆಪಿಯ ಜೊತೆ ಮೈತ್ರಿ ಮಾಡಿಕೊಂಡಿತು. ಅದನ್ನು ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಸ್ಥಾನ ಕಳೆದುಕೊಂಡರು. ಪಕ್ಷಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ನಿಷ್ಠೆ ಬದಲಿಸುತ್ತವೆ. ಶಾಸಕರು ಪಕ್ಷ ಬದಲಿಸುತ್ತಾರೆ. 2019ರ ಜುಲೈನಲ್ಲಿ ಶಾಸಕರ ರಾಜೀನಾಮೆಗಳಿಂದ ಒಂದು ಸರಕಾರವೇ 99–105ರ ಅಂತರದಲ್ಲಿ ಉರುಳಿತು. ಹೀಗಿರುವಾಗ ಒಮ್ಮೆ ಇಟ್ಟ ನಿಷ್ಠೆಯನ್ನು ಮರುಪರಿಶೀಲನೆ ಇಲ್ಲದೆ ಹೊತ್ತುಕೊಂಡಿರುವವನು ಸಾಮಾನ್ಯ ಮತದಾರನೊಬ್ಬನೇ.

ಗ್ಯಾರಂಟಿ ಕೃಪೆಯಲ್ಲ, ಸೇವೆಗೆ ಬದಲಿಯೂ ಅಲ್ಲ

ಒಳಿತನ್ನು ಒಳಿತೆಂದೇ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಅಕ್ಕತಂಗಿಯರು ಕೈಯಲ್ಲಿ ಕಾಸಿಲ್ಲದಿದ್ದರೂ ಬಸ್ಸು ಹತ್ತುತ್ತಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತದೆ. ವಿದ್ಯುತ್ ಬಿಲ್ಲಿನ ಭಾರ ಇಳಿದ ಮನೆಗಳು ಬಹಳ. ಬಾಡಿಗೆ ಮನೆಯಲ್ಲಿ ಅಗರಬತ್ತಿ ಹೊಸೆದು, ಬಟ್ಟೆ ಹೊಲಿದು ಬದುಕುವ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ಆದರೆ ಈ ಹಣ ನಮ್ಮದೇ ತೆರಿಗೆಯದು. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ತೆರಿಗೆ ಕಟ್ಟುತ್ತಾನೆ. ಆದ್ದರಿಂದ ಇದು ಕೃಪೆಯಲ್ಲ, ಹಕ್ಕು. ಋಣಭಾರದಿಂದ ತಲೆ ತಗ್ಗಿಸಬೇಕಾಗಿಲ್ಲ. ಇನ್ನೂ ಒಂದು ಮಾತು. ತಾಯಿಯ ಖಾತೆಗೆ ಬಂದ ಎರಡು ಸಾವಿರ ಹೊರಗಿನ ಔಷಧದಂಗಡಿಯಲ್ಲಿ ಕರಗಿಹೋದರೆ, ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯ ಕೊರತೆ ಕಿತ್ತುಕೊಂಡಂತಾಯಿತು. ಉಚಿತ ಟಿಕೆಟಿನ ಜೊತೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು. ಅಕ್ಕಿಯ ಜೊತೆ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಬೇಕು. ಗೃಹಲಕ್ಷ್ಮಿಯ ಜೊತೆ ಮಗಳಿಗೆ ಶಿಕ್ಷಕರಿರುವ ಸರಕಾರಿ ಶಾಲೆ ಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು, 1935ರಲ್ಲಿ ವಾಣಿವಿಲಾಸ ಆಸ್ಪತ್ರೆ. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು ಅಲ್ಲಿಯೇ. ಎಲ್ಲರಿಗೂ ಮತದಾನದ ಹಕ್ಕಿಲ್ಲದ ಕಾಲದಲ್ಲಿ ಆರಂಭವಾದ ಸೇವೆಗಳು ಇವು. ಮತವಿರುವ ನಾವು ಅದಕ್ಕಿಂತ ಕಡಿಮೆಗೆ ತೃಪ್ತರಾಗಬಾರದು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಮತವನ್ನೂ ಪ್ರಶ್ನೆಯನ್ನೂ ಬೇರ್ಪಡಿಸೋಣ. ಮತ ಯಾರಿಗೇ ನೀಡಿರಿ, ಗೆದ್ದವರು ಯಾರೇ ಆಗಿರಲಿ, ಮರುದಿನದಿಂದ ಅವರು ಎಲ್ಲರ ಪ್ರತಿನಿಧಿ. ನಾವು ಗೆಲ್ಲಿಸಿದವರನ್ನು ಕೇಳುವ ಹಕ್ಕು ನಮಗೆ ಇನ್ನೂ ಹೆಚ್ಚು.

ಎರಡನೆಯದಾಗಿ, ಯಾವ ಸೇವೆಗೆ ಯಾವ ಬಾಗಿಲು ಎಂದು ಮನೆಮಂದಿಯೆಲ್ಲ ತಿಳಿದಿರಬೇಕು. ನೀರು ಮತ್ತು ಒಳಚರಂಡಿಗೆ ಜಲಮಂಡಳಿ, ವಿದ್ಯುತ್ತಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ, ಕಸ ಮತ್ತು ಬೀದಿದೀಪಕ್ಕೆ ನಗರದ ಸ್ಥಳೀಯ ಆಡಳಿತ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟು ಸ್ವೀಕೃತಿ ಪಡೆದ ದೂರು ಉಳಿಯುತ್ತದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಲೇಬೇಕು.

ಮೂರನೆಯದಾಗಿ, ಮಸೀದಿ ಸಮಿತಿಗಳು ಚುನಾವಣೆಯ ವಾರದಲ್ಲಿ ಅಭ್ಯರ್ಥಿಗಳಿಗೆ ಶಾಲು ಹೊದಿಸುವುದನ್ನು ಬಿಟ್ಟು, ವರ್ಷವಿಡೀ ಬಡಾವಣೆಯ ಸಮಸ್ಯೆಗಳ ಪಟ್ಟಿ ಇಟ್ಟುಕೊಳ್ಳಲಿ. ಆ ಪಟ್ಟಿಯಲ್ಲಿ ಪಕ್ಕದ ಬೀದಿಯ ಹಿಂದೂ ಕುಟುಂಬದ ನೀರಿನ ಸಮಸ್ಯೆಯೂ ಇರಲಿ. ಪಟ್ಟಿ ಮಾಡುವಾಗ ಮಹಿಳೆಯರನ್ನು ಕೇಳಿ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವರಿಗೆ ತಿಳಿದಷ್ಟು ಸಮಿತಿಯ ಅಧ್ಯಕ್ಷರಿಗೆ ತಿಳಿದಿರುವುದಿಲ್ಲ.

ಕೊನೆಯದಾಗಿ, ಯುವಕ ಯುವತಿಯರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳಲಿ. ನಗರಪಾಲಿಕೆಯ ಚುನಾವಣೆಯನ್ನು ಸಣ್ಣ ಚುನಾವಣೆಯೆಂದು ಕಡೆಗಣಿಸದಿರಲಿ. ನಮ್ಮ ಬಾಗಿಲಿಗೆ ಅತ್ಯಂತ ಹತ್ತಿರದ ಅಧಿಕಾರ ಅದೇ.

ಮತ್ತೊಮ್ಮೆ ಆ ಹಿರಿಯರ ಬಳಿಗೆ ಬರುತ್ತೇನೆ. ಅಂದು ಮಸೀದಿಯ ಮೆಟ್ಟಿಲ ಮೇಲೆ ಕುಳಿತು ನಾವಿಬ್ಬರೂ ಒಂದು ಅರ್ಜಿ ಬರೆದೆವು. ಅದರಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಇಂತಹ ಮಾತ್ರೆ, ಇಂತಹ ದಿನ, ಇಷ್ಟು ಬಾರಿ ಸಿಕ್ಕಿಲ್ಲ ಎಂದಷ್ಟೇ ಇತ್ತು. ಸಹಿ ಹಾಕುವಾಗ ಅವರು ಸ್ವಲ್ಪ ತಡೆದು, “ಇದರಿಂದ ನಮ್ಮವರಿಗೆ ಕೆಟ್ಟ ಹೆಸರು ಬರುವುದಿಲ್ಲವಷ್ಟೇ?” ಎಂದು ಕೇಳಿದರು. “ಮಾತ್ರೆ ಬಂದರೆ ಒಳ್ಳೆಯ ಹೆಸರೇ ಬರುತ್ತದೆ ಚಾಚಾ” ಎಂದೆ. ಅವರು ಸಹಿ ಹಾಕಿದರು.

ನಾಳೆ ಅಲ್ಲಾಹನ ಮುಂದೆ ನಮ್ಮ ಪಕ್ಷ ನಮಗೆ ಜಾಮೀನು ನಿಲ್ಲುವುದಿಲ್ಲ. ಕೈಯಲ್ಲಿದ್ದ ಅಮಾನತ್ತನ್ನು ಏನು ಮಾಡಿದಿರಿ, ಕಣ್ಣಾರೆ ಕಂಡ ಕೊರತೆಗೆ ಸಾಕ್ಷ್ಯ ನುಡಿದಿರಾ ಎಂಬ ಪ್ರಶ್ನೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರುತ್ತದೆ. ನಮ್ಮವರ ಮುಂದೆಯೂ ಸತ್ಯ ನುಡಿಯುವ ಧೈರ್ಯವನ್ನು, ಎದುರಾಳಿಗಳ ವಿಷಯದಲ್ಲೂ ನ್ಯಾಯದಿಂದ ಸರಿಯದ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.